ಹಸಿರು ಚಾವಣಿಯ ಕೆಳಗೊಂದು ಗ್ರೂಪ್ ಫೋಟೋ

ಮುದ್ರಣಾಲಯದ ಬೈಂಡಿಂಗ್ ವಿಭಾಗದಲ್ಲಿ ಫಳಕ್ಕನೆ ಬೆಳಕು ಹೊಳೆಯಿತು. ಕರಡು ತಿದ್ದುವ ಪ್ರೂಫ್ ತಾತ ಮಂಡಿನೋವನ್ನೂ ಮರೆತು ಎದ್ದು ನಿಂತರು.

"ಮೇನ್ ಆಫ್ ಮಾಡ್ರಪ್ಪಾ, ವೈರು ಸುಡ್ತಾ ಇದೆ."

"ವೈರಲ್ಲ ತಾತ, ನಾನು," ಎಂದಳು ಬೈಂಡರಕ್ಕ. ಕಾಗದದ ಕಟ್ಟುಗಳ ಹಿಂದಿನಿಂದ ಎದ್ದು ಬಂದವಳ ಕೈಯಲ್ಲಿ ಕ್ಯಾಮೆರಾ ಇತ್ತು. ಅದರ ನೆತ್ತಿಯ ಮೇಲೆ ಮುಷ್ಟಿಗಾತ್ರದ ಫ್ಲ್ಯಾಶು. ಎರಡೂ ತಂಗಿಯ ಮಗಳಿಂದ ಎರವಲು ತಂದವು. ಹನ್ನೊಂದು ದಿನದಲ್ಲಿ ವಾಪಸ್ ಕೊಡಬೇಕು. ಬೀಳ್ಕೊಡುಗೆ ಇದ್ದದ್ದು ಹತ್ತನೆಯ ದಿನ.

ಆ ಮುದ್ರಣಾಲಯದಲ್ಲಿ ಈವರೆಗೆ ತೆಗೆದ ಗ್ರೂಪ್ ಫೋಟೋ ಒಂದೂ ನೆಟ್ಟಗಿರಲಿಲ್ಲ. ಬೆಳಕಿಗೆ ಇದ್ದದ್ದು ಎರಡೇ ಕಿಟಕಿ. ಮುಂದಿನ ಸಾಲಿನವರು ಅರ್ಧಂಬರ್ಧ ಕಾಣುತ್ತಿದ್ದರು. ಹಿಂದಿನ ಸಾಲಿನವರನ್ನು ಮೀಸೆ, ಕನ್ನಡಕ ನೋಡಿ ಊಹಿಸಬೇಕಿತ್ತು. ಈ ಸಲ ಹಾಗಾಗಕೂಡದೆಂದು ಅವಳು ಪಟ್ಟು ಹಿಡಿದಿದ್ದಳು.

"ಸ್ಟುಡಿಯೋದವರನ್ನೇ ಕರೆಸೋಣ ಅಕ್ಕ. ಅವತ್ತು ನೀವ್ಯಾಕೆ ಒದ್ದಾಡಬೇಕು?" ಎಂದರು ಮಾಲೀಕರು.

"ಯಾರ ಮುಖ ಯಾವ ಕಡೆಯಿಂದ ಚೆಂದ ಅಂತ ಅವರಿಗೇನು ಗೊತ್ತು?"

ಮಾಲೀಕರು ಸ್ಟುಡಿಯೋದ ಮಾತು ಕೈಬಿಟ್ಟರು.

ಅಭ್ಯಾಸ ಊಟದ ಬಿಡುವಿನಲ್ಲಿ. ಸಿಕ್ಕಿಬಿದ್ದವರು ಪ್ರೂಫ್ ತಾತ. ಹೇಗೂ ಅವರು ಮೂಲೆಯಲ್ಲಿ ಕೂತು ಬೀಳ್ಕೊಡುಗೆಯ ಭಾಷಣ ಬಾಯಿಪಾಠ ಮಾಡುತ್ತಿದ್ದರು. ಫ್ಲ್ಯಾಶನ್ನು ನೇರ ಮುಖಕ್ಕೇ ಹೊಡೆದಾಗ ತಾತ ಹಿಟ್ಟಿನ ಡಬ್ಬಿಗೆ ಬಿದ್ದೆದ್ದವರಂತೆ ಬಂದರು. ಹಿಂದಿನ ಗೋಡೆಯ ಮೇಲೆ ಅವರ ಎರಡರಷ್ಟು ದೊಡ್ಡ ಕರಿ ನೆರಳು. ಫ್ಲ್ಯಾಶಿನ ಶಕ್ತಿ ತೀರಾ ತಗ್ಗಿಸಿದಳು. ಕತ್ತಲಲ್ಲಿ ತಾತನೇ ಮಾಯ. ಮತ್ತೆ ಏರಿಸಿ ಪಟಪಟನೆ ಒತ್ತಿದರೆ ಎರಡನೆಯದಕ್ಕೆ ಬೆಳಕೇ ಇಲ್ಲ. ಹಿಂಬದಿಯ ಕೆಂಪು ದೀಪ ಹತ್ತುವವರೆಗೆ ತಾಳಬೇಕೆಂದು ತಿಳಿಯಲು ಪೂರಾ ಒಂದು ದಿನ ಹಿಡಿಯಿತು.

ತಂಗಿಯ ಮಗಳಿಗೆ ಫೋನು ಮಾಡಿದಳು.

"ಫ್ಲ್ಯಾಶಿನ ಕತ್ತು ಮೇಲಕ್ಕೆ ತಿರುಗಿಸು ದೊಡ್ಡಮ್ಮ. ಬೆಳಕು ಚಾವಣಿಗೆ ಬಡಿದು, ಹರಡಿಕೊಂಡು ಕೆಳಗೆ ಇಳಿಯುತ್ತೆ."

ತಿರುಗಿಸಿದಳು. ನೆರಳು ಕರಗಿತು, ಹಿಟ್ಟು ಉದುರಿತು. ಆದರೆ ತಾತ ಹಸಿರಾಗಿದ್ದರು. ಚಾವಣಿಗೆ ಯಾವ ಮಹಾನುಭಾವ ಹಸಿರು ಬಣ್ಣ ಬಳಿಸಿದ್ದನೋ.

"ಒಳ್ಳೆ ಹೀರೇಕಾಯಿ ಥರ ಇದ್ದೀನಲ್ಲಮ್ಮ," ಎಂದರು ತಾತ. "ಈ ಮುಖ ಹೊತ್ಕೊಂಡು ಬೀಳ್ಕೊಡುಗೆಯಲ್ಲಿ ನಿಲ್ಲಲಾ?"

ಮೂರು ದಿನ ಅವಳಿಗೆ ಬೇರೆ ಯೋಚನೆಯೇ ಇರಲಿಲ್ಲ. ನಾಲ್ಕನೆಯ ದಿನ ಪುಸ್ತಕವೊಂದರ ರಟ್ಟಿಗೆ ಬಿಳಿ ಕಾಗದ ಅಂಟಿಸುತ್ತಿದ್ದಾಗ ಕೈ ತಟ್ಟನೆ ನಿಂತಿತು. ಇರುವುದರಲ್ಲೇ ದೊಡ್ಡ ರಟ್ಟುಗಳನ್ನು ಜೋಡಿಸಿದಳು, ಮೇಲೆ ಬೆಳ್ಳನೆಯ ಕಾಗದ ಅಂಟಿಸಿದಳು, ಸುಕ್ಕಿಲ್ಲದಂತೆ ಭಾರ ಹೇರಿ ಒಣಗಿಸಿದಳು. ಬಾಗಿಲಗಲದ ಆ ಹಲಗೆಯನ್ನು ತನ್ನ ಬೆನ್ನ ಹಿಂದೆ ಬೀರುವಿನ ತುದಿಗೆ ಕಟ್ಟಿ, ಫ್ಲ್ಯಾಶಿನ ಕತ್ತನ್ನು ಅದರತ್ತ ಹೊರಳಿಸಿ ಒತ್ತಿದಳು.

ತಾತ ತಾತನಂತೆಯೇ ಬಂದರು. ಹಣೆಯ ಗೆರೆ, ಕಿವಿಯ ಮೇಲಿನ ಪೆನ್ಸಿಲು, ಎಲ್ಲ.

ಅವರು ಬಹಳ ಹೊತ್ತು ನೋಡಿದರು. ಆಮೇಲೆ ಕನ್ನಡಕ ತೆಗೆದು ಒರೆಸಿಕೊಂಡರು. "ಭಾಷಣ ಆಗ್ತಾ ಇಲ್ಲಮ್ಮ. ಮೂರನೇ ಸಾಲಿಗೇ ನಿಂತು ಹೋಗುತ್ತೆ."

"ಹಾಗಾದ್ರೆ ಎರಡೇ ಸಾಲು ಹೇಳಿ," ಎಂದಳು ಬೈಂಡರಕ್ಕ.

ಹತ್ತನೆಯ ದಿನ ನಾಲ್ಕು ಗಂಟೆಗೆ ಯಂತ್ರಗಳು ನಿಂತವು. ತಾತ ಎರಡು ಸಾಲು ಹೇಳಿ, ಮೂರನೆಯದಕ್ಕೆ ಕೈಯಲ್ಲಾಡಿಸಿ ಹಿಂದೆ ಸರಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೈಂಡರಕ್ಕ ಮೂರು ಸಾಲು ಮಾಡಿ ನಿಲ್ಲಿಸಿದಳು, ನಡುವಿನ ಕುರ್ಚಿಗೆ ತಾತನನ್ನು ತೋರಿಸಿದಳು.

"ನಾನಾ? ಅಲ್ಲಿ ನಾನು ಹೇಗಮ್ಮ..."

"ಕೂತ್ಕೊಳಿ ತಾತ. ಇವತ್ತೊಂದು ದಿನ ನನ್ನ ಮಾತು ನಡೀಲಿ."

ಮಸಿ ಮೆತ್ತಿದ ಕೈಯನ್ನು ಬೆನ್ನ ಹಿಂದೆ ಅಡಗಿಸಿದ್ದ ಮಷಿನ್‌ನವನಿಗೆ ಕೈ ಮುಂದಿಡಲು ಹೇಳಿದಳು. ಕಟಿಂಗ್‌ನವನ ಗದ್ದ ಎತ್ತಿಸಿದಳು. ಒತ್ತಿದಳು. ಕೆಂಪು ದೀಪಕ್ಕೆ ಕಾದಳು. ಅಷ್ಟರಲ್ಲಿ ಮಾಲೀಕರು ಗೋಡೆ ಅದುರುವಂತೆ ಸೀನಿದರು, ಹದಿನೇಳು ಮಂದಿಯೂ ಗೊಳ್ಳೆಂದು ನಕ್ಕರು. ಆಗ ಮತ್ತೊಂದು ಸಲ ಒತ್ತಿದಳು.

ಎಲ್ಲರೂ ಕ್ಯಾಮೆರಾಕ್ಕೆ ಮುಗಿಬಿದ್ದರು. ಕೊನೆಯ ಸಾಲಿನವನ ಹಲ್ಲಿನ ಸಂದಿಯನ್ನೂ ಎಣಿಸುವಷ್ಟು ಸ್ಪಷ್ಟ. ಯಾರೂ ಹಸಿರಾಗಿರಲಿಲ್ಲ, ಯಾರೂ ಕತ್ತಲಲ್ಲಿರಲಿಲ್ಲ.

ಮಾಲೀಕರು ಮಾತ್ರ ಹುಬ್ಬು ಗಂಟಿಕ್ಕಿದರು. "ಅಲ್ಲಾ ಅಕ್ಕ, ನಿವೃತ್ತಿ ನಿಮ್ಮದು, ಬೀಳ್ಕೊಡುಗೆ ನಿಮ್ಮದು. ಫೋಟೋದಲ್ಲಿ ನೀವೇ ಇಲ್ಲವಲ್ಲ?"

"ನನ್ನ ಮುಖಕ್ಕೆ ಮನೇಲಿ ಕನ್ನಡಿ ಇದೆ," ಎಂದಳು ಬೈಂಡರಕ್ಕ. "ಸೋಮವಾರದಿಂದ ನೋಡೋಕೆ ಸಿಗದೇ ಇರೋದು ನಿಮ್ಮ ಮುಖಗಳು."