ತಂಗಿಯ ತಂಬಿಗೆ

"ದೇವರಿಗೆ ಮೇಲು ಕೀಳು ಇಲ್ಲ. ನೀನು ನನ್ನ ತಂಗಿ," ಎಂದು ಪುಸ್ತಕ ಕೈಗಿತ್ತ ವಿಲಾಯತಿಯ ಕ್ರೈಸ್ತ ಬೋಧಕಿಗೆ ಬಿಸಿಲಿಗೆ ಗಂಟಲೊಣಗಿ ಕೆಮ್ಮು ಹತ್ತಿತು. ಪುಣೆಯ ದಂಡಿನ ರಸ್ತೆಗೆ ಜಲ್ಲಿ ಒಡೆಯುತ್ತಿದ್ದ ಕಲ್ಲವ್ವ ಸುತ್ತಿಗೆ ಬಿಟ್ಟೆದ್ದು, ತನ್ನ ತಂಬಿಗೆ ತುಂಬಿಸಿ ಚಾಚಿದಳು.

"ಕುಡೀರಿ, ಅಮ್ಮಾರ."

ಬೋಧಕಿ ತಂಬಿಗೆಯನ್ನು ನೋಡಿದಳು, ಕಲ್ಲವ್ವನ ಕೈಯನ್ನೂ ನೋಡಿದಳು. ನಸುನಕ್ಕು, ಚೀಲದಿಂದ ತನ್ನದೇ ಬಾಟಲಿ ತೆಗೆದು ಕುಡಿದಳು.

ಕಲ್ಲವ್ವನ ಮೈಯೆಲ್ಲ ಉರಿಯಿತು. ಊರಲ್ಲಿ ಗೌಡಶಾನಿ ಬಾವಿಕಟ್ಟೆಯ ಮೇಲೆ ನಿಂತು, ಮೈಲಿಗೆಯಾದೀತೆಂದು ಇವಳ ಬೊಗಸೆಗೆ ಎತ್ತರದಿಂದ ನೀರು ಹೊಯ್ಯುತ್ತಿದ್ದಳು. ಆದರೆ ಅವಳು ಎಂದೂ ತಂಗಿ ಎಂದಿರಲಿಲ್ಲ.

"ನಿಮ್ಮ ಪುಸ್ತಕಾ ನೀವ ಇಟ್ಕೋರಿ. ಕೈ ಒಡ್ಡ್ರಿ," ಎಂದಳು.

ಬೋಧಕಿ ಎರಡೂ ಕೈ ಒಡ್ಡಿದಳು. ಕಲ್ಲವ್ವ ಬೆರಳಿಗೆ ಬೆರಳು ಸೋಕದಂತೆ, ಮೊಳದೆತ್ತರದಿಂದ ಆ ಬೊಗಸೆಗೆ ಪುಸ್ತಕ ಹಾಕಿದಳು.