ಭರಣಿಗೆ ಬೈಗುಳ

ಗಾಳಿಯ ತೇವವೆಲ್ಲ ಆರಿಹೋದ ಮೇಲೆ ಮನೆಮನೆಯಲ್ಲೂ ದಿನಾ ಬೆಳಿಗ್ಗೆ ಮಾತ್ರೆಗಳಿಗೆ ಉಸಿರು ಊದಬೇಕಿತ್ತು. ಮಾತ್ರೆಯೊಳಗಿನ ಹರಳನ್ನು ಹಿಡಿದು ನಿಲ್ಲಿಸುವ ನೀರು ಹೋದರೆ ಮದ್ದು ಬರೀ ಹಿಟ್ಟು.

ಹಾಸಿಗೆ ಹಿಡಿದ ನೀಲಗಂಗವ್ವನಿಗೆ ಊದುವ ಕಸುವಿರಲಿಲ್ಲ. ಅವಳ ಎದೆನೋವಿನ ಮಾತ್ರೆ ಕೆಡಲು ಬಿಡೆನೆಂದು ಹಟ ತೊಟ್ಟವಳು ಸೊಸೆ ದಾಕ್ಷಾಯಣಿ. ಬರೀ ಊದಿದರೆ ತಲೆ ಸುತ್ತುತ್ತಿತ್ತು, ಮಾತಾಡುತ್ತ ಉಸಿರು ಬಿಟ್ಟರೆ ಇಲ್ಲ. ಅದಕ್ಕೇ ಮಾತ್ರೆಯಿದ್ದ ಗಾಜಿನ ಭರಣಿಗೆ ಬಾಯಿಟ್ಟು ಅತ್ತೆಯನ್ನೇ ಬೈಯುತ್ತಿದ್ದಳು; ಮದುವೆಯ ಸೀರೆಯಿಂದ ಹಿಡಿದು ಬಾಣಂತನದ ಗಂಜಿಯವರೆಗೆ ಒಂದನ್ನೂ ಬಿಡಲಿಲ್ಲ.

ಇಂದು ಮಾತ್ರ ಗಾಜು ಮಂಜಾಗುವ ಮೊದಲೇ ಬಾಯಿ ಕಟ್ಟಿತು. "ಇನ್ನ ಬೈಯಾಕ ಏನೂ ಉಳಿದಿಲ್ರಿ ಅತ್ತಿ," ಎಂದು ಹಣೆಗೆ ಕೈಹಚ್ಚಿ ಕುಳಿತಳು.

ನೀಲಗಂಗವ್ವ ಕಣ್ಣು ತೆರೆದಳು. "ನಿನ್ನಿ ಸಾರಿಗೆ ಉಪ್ಪಿರಲಿಲ್ಲ. ನಿಮ್ಮವ್ವ ಅದನ್ನೂ ಕಲಿಸಿಲ್ಲೇನು?"

ದಾಕ್ಷಾಯಣಿ ಭರಣಿಯನ್ನು ಮತ್ತೆ ಬಾಯಿಗೆ ಎಳೆದುಕೊಂಡಳು.