ಅಕ್ಟೋಬರ್ ತಿಂಗಳ ಗೋದಲಿ

ಅಕ್ಟೋಬರ್‌ನಲ್ಲೇ ಅಂಗಡಿಗಳು ಕ್ರಿಸ್ಮಸ್ ಆರಂಭಿಸಿದಾಗ ನೀವೇಕೆ ಬಾಯಿ ಮುಚ್ಚಿಕೊಂಡಿರುತ್ತೀರಿ? ನನಗಂತೂ ಸಾಕಾಗಿತ್ತು. ನಾನು ಹೋದ ದೊಡ್ಡ ಅಂಗಡಿಯೊಂದರಲ್ಲಿ ಯೇಸು ಹುಟ್ಟಿದ ದೃಶ್ಯ ತೋರಿಸಲು ಕಟ್ಟಿದ್ದ ಗೋದಲಿಯಲ್ಲಿ, ಹುಲ್ಲಿನ ಮೇಲೆ ಬಾಲಯೇಸುವನ್ನೂ ಆಗಲೇ ಮಲಗಿಸಿದ್ದರು.

ನೆಲ ಒರೆಸುತ್ತಿದ್ದ ಹೆಂಗಸನ್ನು ಕರೆದೆ. “ಕ್ರಿಸ್ಮಸ್ ಹಿಂದಿನ ರಾತ್ರಿಯವರೆಗೆ ಗೋದಲಿ ಖಾಲಿಯಿರಬೇಕು. ಇಷ್ಟೂ ತಿಳಿಯದೇನಮ್ಮ? ಈಗಲೇ ತೆಗೆಯಿರಿ, ಇಲ್ಲವಾದರೆ ಮ್ಯಾನೇಜರನ್ನು ಕರೆಯುತ್ತೇನೆ.”

“ಬೇಡ ಸರ್, ಕೆಲಸ ಹೋಗ್ತದೆ,” ಎಂದು ಆಕೆ ಓಡಿಬಂದಳು. “ಸ್ವಲ್ಪ ಮೆಲ್ಲ ಮಾತಾಡಿ. ಅದು ನನ್ನ ಮಗು. ಮನೆಯಲ್ಲಿ ನೋಡ್ಲಿಕ್ಕೆ ಯಾರೂ ಇಲ್ಲ. ಈಗಷ್ಟೇ ಹಾಲು ಕುಡಿದು ಮಲಗಿದ್ದಾನೆ.”

ಆ ಗೋದಲಿಯನ್ನು ಈಸ್ಟರ್ ಕಳೆಯುವವರೆಗೂ ತೆಗೆಯಕೂಡದೆಂದು ನಾನು ಅಂಗಡಿಯವರಿಗೆ ಪತ್ರ ಬರೆದಿದ್ದೇನೆ; ದಯವಿಟ್ಟು ನೀವೂ ಬರೆಯಿರಿ.